ಪಯಸ್ವಿನಿಯ ಜಾಡಿನಲ್ಲಿ ಘಟ್ಟದಿಂದ ಕಡಲಿಗೆ

ನಾರ್ವೆ, ನ್ಯೂಜಿಲೆಂಡ್ ದೇಶಗಳ ಕಡಲಂಚಿನಲ್ಲಿ ಕಡಿದಾದ ಬೆಟ್ಟಗಳ ನಡುವೆ ಬಹುದೂರ ಒಳಕ್ಕೆ ಚಾಚಿಕೊಂಡಿರುವ, ಕಿರಿದಾದರೂ ಅತ್ಯಂತ ಆಳವಾದ ಕಡಲ ತೋಳಿಗೆ ಫ್ಯೋರ್ಡ್ ಎಂದು ಹೆಸರು. ಹಿಮಯುಗದಲ್ಲಿ ಹಿಮನದಿಯು, ಅಂದರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿಯು, ಕಣಿವೆಯ ತಳವನ್ನು ಉಜ್ಜಿ ಕೊರೆದು, ಅದು ಕರಗಿದ ಮೇಲೆ ಕಡಲ ನೀರು ಆ ತಗ್ಗನ್ನು ತುಂಬಿದ್ದರಿಂದ ಇವು ಉಂಟಾದವು. ನ್ಯೂಜಿಲೆಂಡಿನ ಮಿಲ್‌ಫರ್ಡ್ ಸೌಂಡ್ ನೋಡಲು ಹೋಗುವವರು ಸುಮಾರು 120 ಕಿ.ಮೀ. ಬೆಟ್ಟದ ದಾರಿಯನ್ನು ಕ್ರಮಿಸಿ, 1954ರಲ್ಲಿ ಸಂಚಾರಕ್ಕೆ ತೆರೆದ ಹೋಮರ್ ಸುರಂಗವನ್ನು ದಾಟಿ, ಕೊನೆಗೆ ದೋಣಿ ಹತ್ತುತ್ತಾರೆ.

ಸಹ್ಯಾದ್ರಿಯಲ್ಲಿ ಹಿಮನದಿಗಳು ಹರಿದಿಲ್ಲ. ಇಲ್ಲಿನ ಕಣಿವೆಗಳನ್ನು ಕೊರೆದದ್ದು ಮಳೆನೀರು. ಆದರೂ ಬೆಟ್ಟದ ರಸ್ತೆಯಲ್ಲಿ ಸಾಗಿ ದೋಣಿಯಲ್ಲಿ ಮುಗಿಯುವ ಅಂಥದೇ ಪಯಣವೊಂದು ಪುತ್ತೂರು, ಸುಳ್ಯ, ಕಡಬದ ಜನರಿಗೆ ಮನೆಯ ಹತ್ತಿರವೇ ಇದೆ. ಕೊಡಗಿನ ಪಟ್ಟಿಘಾಟ್ ಕಾಡಿನಲ್ಲಿ ಹುಟ್ಟುವ ಪಯಸ್ವಿನಿಯು ಸುಳ್ಯವನ್ನು ಹಾದು, ಚಂದ್ರಗಿರಿ ಎಂಬ ಹೆಸರು ಪಡೆದು, ಸುಮಾರು 105 ಕಿ.ಮೀ. ಹರಿದು ಕಾಸರಗೋಡಿನ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ.

ಪುತ್ತೂರಿನಿಂದ ಸುಳ್ಯಕ್ಕೆ ಬಂದು ಸಂಪಾಜೆಯತ್ತ ತಿರುಗುವ ಮಾಣಿ–ಮೈಸೂರು ಹೆದ್ದಾರಿಯು ಅಡಿಕೆ ತೋಟಗಳ ನಡುವೆ ಈ ಹೊಳೆಯನ್ನು ಆಗಾಗ ಕಾಣಿಸುತ್ತದೆ. ಅರಂತೋಡಿನಿಂದ ಒಳಗೆ ಹೋದರೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಮತ್ಸ್ಯತೀರ್ಥವಿದೆ. ಅಲ್ಲಿ ಒಂದು ಹಿಡಿ ಅಕ್ಕಿ ಚೆಲ್ಲಿದೊಡನೆ ತಿಳಿನೀರು ಕಪ್ಪಾಗುವಷ್ಟು ಮೀನುಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅವು ದೇವರ ಮೀನುಗಳಾದ್ದರಿಂದ ಯಾರೂ ಹಿಡಿಯುವುದಿಲ್ಲ. ಹೊಳೆಯನ್ನು ಕಾಪಾಡಲು ಈ ನಂಬಿಕೆಗಿಂತ ಗಟ್ಟಿಯಾದ ಕಾಯಿದೆ ಬೇಕಿಲ್ಲ. ಇದೇ ಕಣಿವೆ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಭೂಕುಸಿತವನ್ನೂ ಕಂಡಿದೆ. ಆಗ ಹೆದ್ದಾರಿಯೇ ಮುಚ್ಚಿಹೋಗಿತ್ತು.

ಸುಳ್ಯದತ್ತ ಮರಳಿ, ಜಾಲ್ಸೂರಿನಿಂದ ಆದೂರು, ಮುಳ್ಳೇರಿಯ, ಚೆರ್ಕಳದ ಮಾರ್ಗವಾಗಿ ಕಾಸರಗೋಡಿಗೆ ಇಳಿದರೆ ಹೊಳೆ ಅಗಲವಾಗಿ, ಅಳಿವೆಯಾಗಿ ಹರಡಿಕೊಂಡಿರುತ್ತದೆ. ಅಳಿವೆಯೆಂದರೆ ಹೊಳೆ ಕಡಲನ್ನು ಕೂಡುವ, ಏರಿಳಿತದ ನೀರು ಒಳಹೊರಗೆ ಆಡುವ ಬಾಯಿ. ಫ್ಯೋರ್ಡಿನೊಡನೆ ಇದಕ್ಕಿರುವ ನಿಜವಾದ ನಂಟು ಈ ನೀರಿನಲ್ಲಿಯೇ ಇದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮಿಲ್‌ಫರ್ಡಿನಲ್ಲಿ ಮಳೆನೀರು ಕಡಲ ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಚಂದ್ರಗಿರಿಯಲ್ಲಿಯೂ ಉಪ್ಪುನೀರು ತಳದಲ್ಲಿ ನುಸುಳಿ ಹೊಳೆಯ ಒಳಕ್ಕೆ ಬರುತ್ತದೆ. ಬೇಸಗೆಯಲ್ಲಿ ಹೊಳೆಯ ಹರಿವು ಸೊರಗಿದಾಗ ಅದು ಬಹುದೂರ ಏರಿ ಕುಡಿಯುವ ನೀರನ್ನು ಕೆಡಿಸುತ್ತಿದ್ದುದರಿಂದಲೇ ಬಾವಿಕ್ಕರೆಯಲ್ಲಿ ತಡೆಗಟ್ಟೆ ಕಟ್ಟಬೇಕಾಯಿತು. ಸುಳ್ಯದ ತೋಟಗಳು ಹೀರುವ ನೀರಿಗೂ ಕಾಸರಗೋಡಿನ ಕೊಡಕ್ಕೂ ಇರುವ ಸಂಬಂಧ ಇಷ್ಟು ನೇರವಾದದ್ದು.

ಚಂದ್ರಗಿರಿ ಸೇತುವೆಯ ಬಳಿ ದೋಣಿಯಲ್ಲಿ ಕುಳಿತವರಿಗೆ ತೆಂಗಿನ ಸಾಲುಗಳ ಮೇಲೆ, ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ ಕಾಣುತ್ತದೆ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನಿಂದ ಎಣಿಸಲಾಗುತ್ತಿದ್ದ ಈ ಹೊಳೆಯ ಬಾಯಿ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು. ಮಳೆ ನಿಂತು ನೀರು ತಿಳಿಯಾಗುವ ನವೆಂಬರಿನಿಂದ ಜನವರಿಯವರೆಗಿನ ದಿನಗಳಲ್ಲಿ ಸುಳ್ಯದ ಸೇತುವೆಯಿಂದ ಹೊರಟವರು ಸಂಜೆಯೊಳಗೆ ಅದೇ ಹೊಳೆಯನ್ನು ಕಡಲಿನಲ್ಲಿ ಕಾಣಬಹುದು.