ಬತ್ತಿದ ಕಣ್ಣಿಗೆ ತುಟಿಯ ಆಸರೆ

ವಾಕಡದ ಕ್ಲಿನಿಕ್‌ ಒಂದರಲ್ಲಿ ನಾನು ಆಪ್ಟೋಮೆಟ್ರಿಸ್ಟ್. ಕಣ್ಣು ಒಣಗಿದೆ ಎಂದು ಬರುವ ಹಿಂಜವಡಿಯ ಐಟಿಯವರಿಗೆ ಸಾಮಾನ್ಯವಾಗಿ ಡ್ರಾಪ್ಸ್, ಬಿಡುವು ಸಾಕು. ಕೆಲವರಿಗೆ ಕಣ್ಣೀರು ಇಳಿದುಹೋಗುವ ರಂಧ್ರಕ್ಕೆ ಪುಟ್ಟ ಪ್ಲಗ್.

ಕಲಬುರಗಿಯ ಹುಡುಗನೊಬ್ಬನ ಕಥೆ ಬೇರೆ. ಮಾತ್ರೆಯೊಂದು ಒಗ್ಗದೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗಿ ಮೈಯೆಲ್ಲ ಗುಳ್ಳೆ ಎದ್ದಿದ್ದವು. ಜೀವ ಉಳಿಯಿತು, ಕಣ್ಣೀರು ಬತ್ತಿತು. ಇಂಥವರಿಗೆ ಕೆಳತುಟಿಯ ಒಳಗಿನ ಸಣ್ಣ ಜೊಲ್ಲುಗ್ರಂಥಿಗಳನ್ನು ರೆಪ್ಪೆಯೊಳಗೆ ಕಸಿ ಮಾಡಿ ಕಣ್ಣಿಗೆ ತೇವ ತರುತ್ತಾರೆ. ಕಾರ್ನಿಯಾ ಪೂರ್ತಿ ಹಾಳಾದವರಿಗೆ ಅವರದೇ ಹಲ್ಲಿನಲ್ಲಿ ಮಸೂರ ಕೂರಿಸಿ ಕಣ್ಣಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಚೆನ್ನೈನ ಶಂಕರ ನೇತ್ರಾಲಯದಲ್ಲಿ ನಡೆದಿದೆ.

ಮೊದಲ ವಾರದಲ್ಲೇ ಕಣ್ಣಿಗೆ ಆಮ್ನಿಯೋಟಿಕ್ ಪೊರೆ ಹೊದಿಸಿದರೆ ಇಷ್ಟೆಲ್ಲ ಬೇಕಾಗದಿರಬಹುದು. ಊರು ಬಿಟ್ಟು ಒಂಟಿಯಾಗಿರುವವರೇ, ಹೊಸ ಮಾತ್ರೆಯ ನಂತರ ಗುಳ್ಳೆ ಎದ್ದು ಕಣ್ಣು ಕೆಂಪಾದರೆ ಅಂದೇ ಆಸ್ಪತ್ರೆಗೆ ಹೋಗಿ. ಕಣ್ಣಿನ ಡಾಕ್ಟರನ್ನೂ ಕರೆಸಲು ಕೇಳಿ.