ಗೋಲಿ, ರಟ್ಟು ಮತ್ತು ಒಂದು ಸೇರು ಶೇಂಗಾ

"ಅಣ್ಣಾ, ಪರಮಾಣುನ ನೀವು ನೋಡೀರೇನು?"

ಕಾನಹೊಸಹಳ್ಳಿಯ ಒಂದು ಹೈಸ್ಕೂಲಿಗೆ ವಿಜ್ಞಾನದ ಚಟುವಟಿಕೆ ಮಾಡಿಸೋಕೆ ಹೋದಾಗ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದ ಪ್ರಶ್ನೆ ಇದು. ಕ್ವಾಂಟಮ್ ಸಂಖ್ಯೆಗಳನ್ನು ಬರೆದು ಪಾಸಾದ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ನಮ್ಮ ಚೀಲದಲ್ಲಿದ್ದದ್ದು ಗೋಲಿ, ರಟ್ಟು ಮತ್ತು ಊರಲ್ಲೇ ಕೊಂಡ ಶೇಂಗಾ. ಉತ್ತರಕ್ಕೆ ಅಷ್ಟೇ ಸಾಕಾಯಿತು. ನೀವೂ ಮಾಡಿಸಬಹುದು.

ಮೊದಲನೆಯದು, ಕಾಣದ್ದನ್ನು ಹುಡುಕೋದು. ದೊಡ್ಡ ರಟ್ಟಿನ ಅಡಿಗೆ ಒಂದು ಮರದ ತುಂಡು ಅಂಟಿಸಿ, ಗೋಲಿ ನುಸುಳುವಷ್ಟು ಎತ್ತರಿಸಿ ನೆಲದ ಮೇಲಿಡಿ. ಯಾರೂ ಬಗ್ಗಿ ನೋಡಬಾರದು. ನಾಲ್ಕೂ ಕಡೆಯಿಂದ ಗೋಲಿ ಉರುಳಿಸಿ, ಒಳಹೋದ ಮತ್ತು ಹೊರಬಂದ ದಾರಿಯನ್ನು ರಟ್ಟಿನ ಮೇಲೆ ಗೆರೆ ಎಳೆಯಬೇಕು. ಗೆರೆಗಳ ನಡುವೆ ತುಂಡಿನ ಆಕಾರ ಮೂಡುತ್ತೆ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಗೆ ಆಲ್ಫಾ ಕಣ ಹಾಯಿಸಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ಪುಟಿಯಿತು. ಅದರಿಂದಲೇ 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್ ಇದೆ ಅಂತ ಲೆಕ್ಕ ಹಾಕಿದರು. ಒಂದು ವ್ಯತ್ಯಾಸ ಮಾತ್ರ ಮಕ್ಕಳಿಗೆ ಹೇಳಲೇಬೇಕು: ಗೋಲಿ ತಗುಲಿ ತಿರುಗುತ್ತೆ, ಆಲ್ಫಾ ಕಣ ತಗುಲದೆಯೇ ಧನ ವಿದ್ಯುದಾವೇಶದ ವಿಕರ್ಷಣೆಯಿಂದ ತಿರುಗುತ್ತೆ.

ಎರಡನೆಯದು, ಐಸೋಟೋಪು. ಇಪ್ಪತ್ತು ಶೇಂಗಾ ಕಾಯಿ ಸುಲಿಸಿದೆವು. ಒಂದು ಕಾಳಿನವು 5, ಎರಡು ಕಾಳಿನವು 12, ಮೂರು ಕಾಳಿನವು 3. ಒಟ್ಟು 38 ಕಾಳು, ಸರಾಸರಿ 1.9. ಆದರೆ 1.9 ಕಾಳಿರುವ ಕಾಯಿ ಒಂದೂ ಇಲ್ಲ! ಕ್ಲೋರಿನ್ 35.5 ಅಂತ ನಾವು ಬಾಯಿಪಾಠ ಮಾಡಿದ್ದೂ ಹೀಗೇ. ಅದು 35 ಮತ್ತು 37ರ ಸರಾಸರಿ, ಸುಮಾರು ನಾಲ್ಕರಲ್ಲಿ ಮೂರು ಪಾಲು 35. ಲೆಕ್ಕ ಮುಗಿದ ಮೇಲೆ ಐಸೋಟೋಪುಗಳನ್ನು ಮಕ್ಕಳೇ ತಿಂದು ಖಾಲಿ ಮಾಡಿದರು.

ಉಳಿದ ಒಂದು ಕಾಳಿನಿಂದ ಮೂರನೆಯದು. ಅದನ್ನು ಮೈದಾನದಲ್ಲಿಟ್ಟು ಹೈಡ್ರೋಜನ್ನಿನ ನ್ಯೂಕ್ಲಿಯಸ್ ಅಂದುಕೊಳ್ಳಿ. ಕಾಳು ಒಂದು ಸೆಂಟಿಮೀಟರ್ ಅಗಲವಾದರೆ ಎಲೆಕ್ಟ್ರಾನ್ ಇರುವುದು ಸುಮಾರು 300 ಮೀಟರ್ ಆಚೆ. ಹುಡುಗರು ಹೆಜ್ಜೆ ಎಣಿಸುತ್ತಾ ಗೇಟು ದಾಟಿ ರಸ್ತೆಗೇ ಹೋದರು. ಪುಸ್ತಕದ ಚಿತ್ರದಲ್ಲಿ ಈ ಖಾಲಿ ಜಾಗ ಹಿಡಿಸೋದಿಲ್ಲ.

ಹೊರಡುವಾಗ ಆ ಹುಡುಗಿಗೆ ಹೇಳಿದೆವು: "ನಾವು ನೋಡಿಲ್ಲಮ್ಮ. 1981ರಲ್ಲಿ ಬಂದ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪು ಪರಮಾಣುಗಳ ಚಿತ್ರ ಕೊಡುತ್ತೆ. ಅದೂ ಕಣ್ಣಿಂದ ನೋಡಿದಂಗಲ್ಲ, ಕುರುಡರು ಕೈಯಿಂದ ತಡವಿದಂಗೆ, ಸೂಜಿಯಿಂದ ತಡವಿ."

"ಹಂಗಾದ್ರೆ ನಾನು ಗೋಲಿ ಬಿಟ್ಟಂಗೆ" ಅಂದಳು. ಅಷ್ಟು ವರ್ಷ ಓದಿದ್ದು ನಮಗೂ ಆಗಲೇ ಅರ್ಥವಾಗಿದ್ದು.