ಸ್ಟೀರಾಯ್ಡ್ ಮಾತ್ರೆ ದಿಢೀರ್ ಬಿಡಬೇಡಿ: ತಿಂಗಳುಗಟ್ಟಲೆ ನುಂಗುವವರು ತಿಳಿದಿರಬೇಕಾದ ಸಂಗತಿಗಳು

ತುಮಕೂರು: ಸಂಧಿವಾತ, ಉಬ್ಬಸ, ಚರ್ಮದ ಕಾಯಿಲೆ, ಕೆಲವು ಕಿಡ್ನಿ ತೊಂದರೆಗಳಿಗೆ ವೈದ್ಯರು ಸ್ಟೀರಾಯ್ಡ್ ಮಾತ್ರೆ ಬರೆಯುತ್ತಾರೆ. ಎರಡು-ಮೂರು ತಿಂಗಳಾದ ಮೇಲೆ ಮುಖ ಊದಿಕೊಳ್ಳುತ್ತೆ, ಶುಗರ್ ಏರುತ್ತೆ. ಗಾಬರಿಯಾಗಿ ಒಂದೇ ಸಲಕ್ಕೆ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಹೀಗೆ ಏಕಾಏಕಿ ಬಿಡುವುದರಿಂದ ಜೀವಕ್ಕೇ ಅಪಾಯ ಬರಬಹುದು.

ಯಾಕೆ ಅಪಾಯ?

ಕಿಡ್ನಿಗಳ ಮೇಲೆ ಟೋಪಿ ಇಟ್ಟಂತೆ ಇರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುತ್ತವೆ. ಬಿ.ಪಿ. ಕುಸಿಯದಂತೆ ನೋಡಿಕೊಳ್ಳಲು, ಜ್ವರ, ಪೆಟ್ಟು ತಡೆದುಕೊಳ್ಳಲು ಇದು ಬೇಕೇಬೇಕು. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಜಾಕಾರ್ಟ್ ಮಾತ್ರೆಗಳು ಇದೇ ಹಾರ್ಮೋನ್‌ನ ಕೆಲಸ ಮಾಡುತ್ತವೆ. ಮೂರು-ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಮಾತ್ರೆ ನುಂಗಿದರೆ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿಬಿಡಬಹುದು. ಆಗ ಮಾತ್ರೆ ದಿಢೀರ್ ನಿಂತರೆ ದೇಹದಲ್ಲಿ ಹಾರ್ಮೋನೇ ಇರಲ್ಲ. ವಿಪರೀತ ಸುಸ್ತು, ವಾಂತಿ, ಹೊಟ್ಟೆನೋವು, ತಲೆಸುತ್ತು ಬಂದು ಬಿ.ಪಿ. ಕುಸಿಯಬಹುದು. ಅದಕ್ಕೇ ವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ನುಂಗುವವರು ಏನು ಮಾಡಬೇಕು?

* ವೈದ್ಯರು ಬೇರೆ ಹೇಳದಿದ್ದರೆ ಮಾತ್ರೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ತಗೊಳ್ಳಿ. ರಾತ್ರಿ ತಗೊಂಡರೆ ನಿದ್ದೆ ಕೆಡಬಹುದು.
* ಶುಗರ್ ಇಲ್ಲದವರಿಗೂ ಶುಗರ್ ಬರಬಹುದು. ಶುಗರ್, ಬಿ.ಪಿ. ಆಗಾಗ ಪರೀಕ್ಷೆ ಮಾಡಿಸಿ.
* ಮೈಕೈ ನೋವಿಗೆಂದು ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಜತೆಗೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ ಆಗಬಹುದು. ಮಲ ಟಾರಿನಂತೆ ಕಪ್ಪಗಾದರೆ ಕೂಡಲೇ ತೋರಿಸಿ.
* ಮೂಳೆ ಸವೆಯುತ್ತದೆ. ರಾಗಿ, ಹಾಲು, ಮೊಸರು, ದಿನಾ ನಡಿಗೆ ಒಳ್ಳೆಯದು. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಅಂತ ವೈದ್ಯರನ್ನೇ ಕೇಳಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.
* ದೃಷ್ಟಿ ಮಂಜಾದರೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ. ಕಣ್ಣಿನ ಪೊರೆ, ಗ್ಲುಕೋಮಾ ಎರಡೂ ಬರಬಹುದು.
* ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಜ್ವರ, ಎರಡು ವಾರ ಮೀರಿದ ಕೆಮ್ಮು ಇದ್ದರೆ ಪರೀಕ್ಷೆ ಮಾಡಿಸಿ. ಜ್ವರ ಬಂದಾಗ, ಆಪರೇಷನ್‌ಗೆ ಮೊದಲು, ಹಲ್ಲು ಕೀಳಿಸುವಾಗ 'ಸ್ಟೀರಾಯ್ಡ್ ತಗೊಳ್ತಿದ್ದೀನಿ' ಅಂತ ಮೊದಲೇ ಹೇಳಿ. ಡೋಸ್ ಹೆಚ್ಚಿಸಬೇಕಾಗಬಹುದು.

ಮೆಡಿಕಲ್ ಶಾಪ್‌ನವರ ಗಮನಕ್ಕೆ

ಈ ಮಾತ್ರೆಗಳು ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ಬರುವವರನ್ನು ವೈದ್ಯರ ಬಳಿ ಕಳಿಸುವುದೇ ಸರಿ. ಸ್ಟ್ರಿಪ್‌ನಿಂದ ಕತ್ತರಿಸಿ ಕವರ್‌ಗೆ ಹಾಕಿಕೊಡುವ 'ಸೆಟ್ ಮಾತ್ರೆ'ಯಲ್ಲಿ, 'ದಪ್ಪ ಆಗೋ ಮಾತ್ರೆ'ಯಲ್ಲಿ ಸ್ಟೀರಾಯ್ಡ್ ಇದ್ದರೂ ನುಂಗುವವರಿಗೆ ಗೊತ್ತೇ ಆಗಲ್ಲ. ಹೆಸರಿಲ್ಲದ ಪುಡಿಗಳಲ್ಲೂ ಇರಬಹುದು. ಇಂಥದ್ದನ್ನು ಬಹಳ ದಿನದಿಂದ ತಗೊಳ್ತಿರುವವರೂ ತಾವೇ ನಿಲ್ಲಿಸಬಾರದು. ಉಳಿದ ಮಾತ್ರೆ, ಪುಡಿ ಸಮೇತ ತಡಮಾಡದೆ ವೈದ್ಯರನ್ನು ಕಾಣಬೇಕು.

ಎಲ್ಲಿಗೆ ಹೋಗಬೇಕು?

ಬಿ.ಪಿ., ಶುಗರ್ ಪರೀಕ್ಷೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಡೋಸ್ ಇಳಿಸುವ ವಿಚಾರಕ್ಕೆ ಮಾತ್ರೆ ಬರೆದ ವೈದ್ಯರನ್ನೇ ಕಾಣಿ. ಅವರು ಸಿಗದಿದ್ದರೆ ಗುಬ್ಬಿ, ಕುಣಿಗಲ್‌ನವರು ತಾಲ್ಲೂಕು ಆಸ್ಪತ್ರೆಗೆ, ತುಮಕೂರಿನವರು ಜಿಲ್ಲಾಸ್ಪತ್ರೆಗೆ ಹೋಗಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಬೇಕಾಗಬಹುದು. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ.

ಮಾತ್ರೆಯ ಹೆಸರು, ಡೋಸ್, ಶುರುವಾದ ದಿನಾಂಕ ಬರೆದ ಚೀಟಿಯೊಂದು ಸದಾ ಪರ್ಸ್‌ನಲ್ಲಿರಲಿ, ಅದರ ವಿಷಯ ಮನೆಯವರಿಗೂ ಗೊತ್ತಿರಲಿ.